ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಮೇಲೆ ರುಚಿ ಎಲ್ಲಿಂದ ತರೋದು?

ಪ್ರಶ್ನೆ: ಲೋ-ಫಾಡ್‌ಮ್ಯಾಪ್ ಪಥ್ಯ (ಸರಿಯಾಗಿ ಜೀರ್ಣವಾಗದೆ ಕರುಳಲ್ಲಿ ಗ್ಯಾಸ್ ಮಾಡುವ ಕೆಲವು ಬಗೆಯ ಸಕ್ಕರೆಗಳನ್ನು ಕಡಿಮೆ ಮಾಡುವ ಪಥ್ಯ) ಶುರುಮಾಡಿ ಮೂರನೇ ವಾರ. ಹೊಟ್ಟೆಯುಬ್ಬರ ಇಳಿದಿದೆ, ಆದರೆ ಬೇಯಿಸಿದ ಕ್ಯಾರೆಟ್ ಕಂಡರೆ ಅಳು ಬರುತ್ತೆ. ಊಟ ಮಾಡಿದೆ ಅನ್ನಿಸುವಂಥ ತರಕಾರಿ ಅಡುಗೆ ಹೇಳ್ತೀರಾ?

ಉತ್ತರ: ನಾನೂ ಇದನ್ನು ದಾಟಿ ಬಂದವಳು. ಬೆಳ್ಳುಳ್ಳಿ ಎಸಳನ್ನು ಇಡಿಯಾಗಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಒಂದೂ ಬಿಡದೆ ತೆಗೆದುಬಿಡಿ. ತೊಂದರೆ ಕೊಡುವ ಫ್ರಕ್ಟಾನ್ (ಬೆಳ್ಳುಳ್ಳಿಯಲ್ಲಿರುವ ಅಂಥ ಒಂದು ಸಕ್ಕರೆ) ನೀರಲ್ಲಿ ಕರಗುತ್ತೆ, ಎಣ್ಣೆಯಲ್ಲಿ ಕರಗಲ್ಲ, ಘಮವಷ್ಟೇ ಉಳಿಯುತ್ತೆ. ಗ್ರೇವಿಗೆ ಹಾಕಿ ತೆಗೆದರೆ ಈ ಉಪಾಯ ನಡೆಯಲ್ಲ. ಎಣ್ಣೆ ಅಂದೇ ಮುಗಿಸಿ, ಹೊರಗಿಟ್ಟರೆ ಅಪಾಯ. ಅದರಲ್ಲಿ ಬದನೆ ಹೋಳುಗಳನ್ನು ಅಂಚು ಕಂದಾಗುವವರೆಗೆ ಹುರಿದು, ಶುಂಠಿ, ಮೆಣಸು, ಈರುಳ್ಳಿ ಸೊಪ್ಪಿನ ಹಸಿರು ಭಾಗ, ಕೊನೆಗೆ ನಿಂಬೆರಸ.

ಇನ್ನೊಬ್ಬರು: ಕಟ್ಟುನಿಟ್ಟಿನ ಹಂತ 2ರಿಂದ 6 ವಾರ ಮಾತ್ರ. ಆಮೇಲೆ ಆಹಾರತಜ್ಞರ ಜೊತೆ ಒಂದೊಂದೇ ಪದಾರ್ಥ ವಾಪಸ್ ತನ್ನಿ.

ಪ್ರಶ್ನೆ ಕೇಳಿದವರು: ಬದನೆ ಮಾಡಿದೆ ಅಕ್ಕಾ. ಎರಡನೇ ಸಲ ಬಡಿಸಿಕೊಂಡೆ!