ಆಪರೇಷನ್ ಆದ ಮೇಲೂ ಮೂಗಿನ ದುರ್ಮಾಂಸ ಮತ್ತೆ ಬೆಳೆಯುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ಎರಡು ವರ್ಷದ ಹಿಂದೆ ಎರಡೂ ಹೊಳ್ಳೆಗಳಲ್ಲಿದ್ದ ದುರ್ಮಾಂಸವನ್ನು ಎಂಡೋಸ್ಕೋಪಿ ಮೂಲಕ ತೆಗೆಸಿದ್ದೆ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಮೂಗು ಮತ್ತೆ ಕಟ್ಟಿಕೊಂಡಿದೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತರೂ ಚೊಗರಿನ ವಾಸನೆ ತಿಳಿಯುತ್ತಿಲ್ಲ. ಅಂದಿನ ಬಯಾಪ್ಸಿ ವರದಿಯಲ್ಲಿ ಇಯೋಸಿನೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಹೇರಳವಾಗಿವೆ ಎಂದಿತ್ತು. ಇದು ಸೋಂಕೇ ಆಗಿದ್ದರೆ ಮೂರು ಸಲ ನುಂಗಿದ ಆ್ಯಂಟಿಬಯಾಟಿಕ್‌ಗೆ ಬಗ್ಗಬೇಕಿತ್ತಲ್ಲವೇ?

ಉತ್ತರ: ಶಿವಮೊಗ್ಗದ ಕಿವಿ, ಮೂಗು, ಗಂಟಲು ವೈದ್ಯ

ನಿಮ್ಮ ಅನುಮಾನ ಸರಿಯಾಗಿದೆ. ಹನ್ನೆರಡು ವಾರ ಮೀರಿದ ಸೈನಸ್ ಉರಿಯೂತದಲ್ಲಿ, ಅದರಲ್ಲೂ ಪಾಲಿಪ್ (ನೀವು ಹೇಳುವ ದುರ್ಮಾಂಸ) ಇರುವವರಲ್ಲಿ, ಬ್ಯಾಕ್ಟೀರಿಯಾಕ್ಕಿಂತ ನಮ್ಮದೇ ಜೀವಕೋಶಗಳು ಹೊರಡಿಸುವ ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನ್‌ಗಳ ಪಾತ್ರ ದೊಡ್ಡದು. ಬೂಷ್ಟಿನ ಕಣವೋ ಹೊಗೆಯೋ ತಗುಲಿ ಮೂಗಿನ ಒಳಪದರ ಘಾಸಿಗೊಂಡಾಗ, ಅಲ್ಲಿನ ಕೋಶಗಳು ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-25 ಹಾಗೂ ಇಂಟರ್‌ಲ್ಯೂಕಿನ್-33 ಎಂಬ ಪ್ರೋಟೀನ್‌ಗಳನ್ನು ಬಿಡುತ್ತವೆ. ಅವುಗಳಿಂದ ಎಚ್ಚೆತ್ತ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್-4, 5 ಮತ್ತು 13ನ್ನು ಸುರಿಸತೊಡಗುತ್ತವೆ. ಇವುಗಳಲ್ಲಿ 5 ಎಂಬುದು ಇಯೋಸಿನೋಫಿಲ್‌ಗಳನ್ನು ಬೆಳೆಸಿ, ಅವು ಬೇಗ ಸಾಯದಂತೆ ಕಾಯುತ್ತದೆ. 13 ಲೋಳೆಯನ್ನು ಹೆಚ್ಚಿಸುತ್ತದೆ. ಹೀಗೆ ಊದಿ ನೀರು ತುಂಬಿಕೊಂಡ ಒಳಪದರವೇ ಜೋತುಬಿದ್ದು, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಕಾಣುವ ಪಾಲಿಪ್ ಆಗುತ್ತದೆ. (ದುರ್ಮಾಂಸ ಎಂಬ ಹೆಸರೇ ಜನರನ್ನು ಅರ್ಧ ಹೆದರಿಸಿಬಿಡುತ್ತದೆ.) ಆಪರೇಷನ್ ಊತವನ್ನು ತೆಗೆದು ದಾರಿ ಬಿಡಿಸುತ್ತದೆಯೇ ಹೊರತು ಈ ಸಂದೇಶಗಳನ್ನು ನಿಲ್ಲಿಸುವುದಿಲ್ಲ, ಅದಕ್ಕಾಗಿಯೇ ಸ್ಟೀರಾಯ್ಡ್ ಸ್ಪ್ರೇಯನ್ನು ಮುಂದುವರಿಸಲು ಹೇಳುವುದು. ನೀವು ಅದನ್ನು ನಿಲ್ಲಿಸಿದ್ದೀರಾ?

ಪ್ರಶ್ನೆ ಕೇಳಿದವರು

ಆರು ತಿಂಗಳಿಗೇ ನಿಲ್ಲಿಸಿದ್ದೆ, ಡಾಕ್ಟರೇ. ಇದಕ್ಕೆ ಇಂಜೆಕ್ಷನ್ ಬಂದಿದೆಯಂತೆ, ಹೌದೇ?

ಉತ್ತರ: ಸಾಗರದ ಹಳೆಯ ರೋಗಿ

ನಾನು ಮಾಡಿದ ತಪ್ಪೂ ಅದೇ. ಅಲ್ಲದೆ ತಲೆ ಹಿಂದಕ್ಕೆ ಚಾಚಿ ಸ್ಪ್ರೇ ಹೊಡೆಯುತ್ತಿದ್ದುದರಿಂದ ಮದ್ದೆಲ್ಲ ಗಂಟಲಿಗೆ ಇಳಿಯುತ್ತಿತ್ತು. ಈಗ ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೊದಲು ಮೂಗು ತೊಳೆದು, ತಲೆ ತುಸು ಬಾಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ, ತುದಿಯನ್ನು ನಡುಗೋಡೆಯಿಂದ ಹೊರಕ್ಕೆ ತಿರುಗಿಸಿ ಹೊಡೆಯುತ್ತೇನೆ. ಮೂಗಿನಿಂದ ಆಗಾಗ ಬರುತ್ತಿದ್ದ ರಕ್ತವೂ ನಿಂತಿದೆ.

ಉತ್ತರ: ಶಿವಮೊಗ್ಗದ ವೈದ್ಯ

ಇಂಜೆಕ್ಷನ್ ಇರುವುದು ನಿಜ. ಇಂಟರ್‌ಲ್ಯೂಕಿನ್-4 ಮತ್ತು 13 ಎರಡೂ ಬಳಸುವ ಗ್ರಾಹಕವನ್ನು (ಜೀವಕೋಶದ ಮೇಲೆ ಸಂದೇಶ ಹಿಡಿಯುವ ಪ್ರೋಟೀನನ್ನು) ತಡೆಯುವ ಡುಪಿಲುಮ್ಯಾಬ್‌ಗೆ ಅಮೆರಿಕದಲ್ಲಿ 2019ರಲ್ಲಿ ಪಾಲಿಪ್ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮ್ಯಾಬ್‌ಗೆ 2021ರಲ್ಲಿ. ಇವು ದುಬಾರಿ ಮದ್ದುಗಳು, ಮೊದಲ ಹೆಜ್ಜೆಯಲ್ಲ. ನಿಮಗೆ ಉಬ್ಬಸವಿದ್ದರೆ, ಅಥವಾ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದಾಗ ಉಸಿರು ಕಟ್ಟಿದಂತಾಗಿದ್ದರೆ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಅದನ್ನೇ ಮೊದಲು ತಿಳಿಸಿ. ಹಳೆಯ ಬಯಾಪ್ಸಿ ವರದಿಯನ್ನೂ ಜೊತೆಗೆ ಒಯ್ಯಿರಿ.