ಮನೆಯಲ್ಲಿ ಹಿರಿಯರ ಶುಶ್ರೂಷೆ: ಯಾವುದು ಮುಪ್ಪು, ಯಾವುದು ಕಾಯಿಲೆ?

ಕೋರಿಕೆ

ನನ್ನ ತಂದೆಯವರಿಗೆ 82 ವರ್ಷ. ಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಈಚೆಗೆ ಮನೆಗೆ ಬಂದಿದ್ದಾರೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲರಾದರೂ ದಿನದ ಬಹುಪಾಲು ಹಾಸಿಗೆಯಲ್ಲಿಯೇ ಇರುತ್ತಾರೆ. ಈ ವಾರದಿಂದ ಮಾತು ಕಡಿಮೆಯಾಗಿದೆ. ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಎಚ್ಚರ. ನೋಡಲು ಬಂದವರು "ವಯಸ್ಸಾಯಿತಲ್ಲ, ಇದೆಲ್ಲ ಸಹಜ" ಎನ್ನುತ್ತಾರೆ. ನೋಡಿಕೊಳ್ಳುವವರು ನಾನು ಮತ್ತು ನನ್ನ ಪತ್ನಿ ಇಬ್ಬರೇ. ಯಾವುದನ್ನು ಸಹಜವೆಂದು ಬಿಡಬಹುದು, ಯಾವುದನ್ನು ಬಿಡಬಾರದು, ಬೆನ್ನು ಹುಣ್ಣಾಗದಂತೆ ಏನು ಮಾಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ನಿವೃತ್ತ ಶುಶ್ರೂಷಕಿಯೊಬ್ಬರು

ಬೆನ್ನಿನ ಹುಣ್ಣಿನ ವಿಚಾರಕ್ಕಿಂತ ಮೊದಲು ಆ ಮಂಪರಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಮುಪ್ಪು ಒಂದು ವಾರದಲ್ಲಿ ಬರುವುದಿಲ್ಲ. ಹೋದ ವಾರ ಮಾತನಾಡುತ್ತಿದ್ದ ಹಿರಿಯರು ಈ ವಾರ ಮಂಕಾಗಿದ್ದಾರೆ, ಅದೂ ಹೊತ್ತಿಗೊಂದು ರೀತಿ ಏರಿಳಿಯುತ್ತಿದೆ ಎಂದಾದರೆ, ಅದನ್ನು ಡೆಲಿರಿಯಂ, ಅಂದರೆ ಹಳಬರು ಸನ್ನಿ ಎನ್ನುತ್ತಿದ್ದ ಸ್ಥಿತಿ, ಎಂದೇ ಭಾವಿಸಿ ಈ ದಿನವೇ ವೈದ್ಯರಿಗೆ ತೋರಿಸಬೇಕು. ಸನ್ನಿಯೆಂದರೆ ಕೂಗಾಟ, ಹಾಸಿಗೆಯಿಂದ ಎದ್ದು ಓಡುವುದು ಎಂದು ಅನೇಕರು ತಿಳಿದಿದ್ದಾರೆ. ಆದರೆ ಸದ್ದಿಲ್ಲದೆ ಮಲಗಿರುವ ಸನ್ನಿಯೂ ಇದೆ. ಯಾರಿಗೂ ತೊಂದರೆ ಕೊಡದ ಕಾರಣ ವಾರ್ಡಿನಲ್ಲಿಯೂ ಅದು ಎಷ್ಟೋ ಬಾರಿ ಕಣ್ಣಿಗೆ ಬೀಳದೆ ಹೋಗುತ್ತದೆ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಇದು ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಇದರ ಹಿಂದೆ ಬಹುಮಟ್ಟಿಗೆ ಹುಡುಕಿದರೆ ಸಿಗುವ ಕಾರಣವೊಂದು ಇರುತ್ತದೆ.

ವೈದ್ಯರನ್ನು ಕಾಣುವ ಮೊದಲು ತಾವು ನೋಡಿಟ್ಟುಕೊಳ್ಳಬೇಕಾದದ್ದು ಇಷ್ಟು: ನಿನ್ನೆಯಿಂದ ಎಷ್ಟು ಸಲ ಮೂತ್ರ ಹೋಗಿದೆ, ಬಣ್ಣ ಗಾಢವಾಗಿದೆಯೇ, ಕಿಬ್ಬೊಟ್ಟೆ ಬಿಗಿಯಾಗಿ ಉಬ್ಬಿದೆಯೇ, ಕೊನೆಯ ಸಲ ಮಲವಿಸರ್ಜನೆ ಆದದ್ದು ಯಾವಾಗ, ಆಸ್ಪತ್ರೆಯಿಂದ ಬಂದ ಮೇಲೆ ಹೊಸದಾಗಿ ಸೇರಿದ ಮಾತ್ರೆಗಳು ಯಾವುವು, ಕಾಲು ಮುಟ್ಟಿದಾಗ ಮುಖ ಹಿಂಡುತ್ತಾರೆಯೇ. ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ನೀರಿನ ಕೊರತೆ, ಸೋಂಕು, ಹತೋಟಿಗೆ ಬಾರದ ನೋವು, ಇವುಗಳಲ್ಲಿ ಯಾವುದೊಂದಾದರೂ ಹಿರಿಯರ ಮನಸ್ಸನ್ನು ಮಸುಕುಗೊಳಿಸಬಲ್ಲದು. ಜ್ವರವಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಈ ವಯಸ್ಸಿನಲ್ಲಿ ಮೂತ್ರದ ಸೋಂಕಾಗಲಿ ನ್ಯುಮೋನಿಯಾ ಆಗಲಿ ಮೈ ಬಿಸಿಯೇರದೆಯೂ ಬರುತ್ತದೆ. ಊಟ ಬೇಡವೆನ್ನುವುದು, ಗೊಂದಲ, ಇದ್ದಕ್ಕಿದ್ದಂತೆ ಬೀಳುವುದು, ಇಷ್ಟೇ ಅದರ ಲಕ್ಷಣವಾಗಿರಬಹುದು.

ಇನ್ನು ಸಹಜವಾದವು. ಬಾಯಾರಿಕೆ ಕುಗ್ಗುತ್ತದೆ, ಮೂತ್ರವನ್ನು ಗಾಢಗೊಳಿಸಿ ನೀರನ್ನು ಉಳಿಸಿಕೊಳ್ಳುವ ಮೂತ್ರಪಿಂಡದ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ "ಬೇಕಾದರೆ ಕೇಳುತ್ತಾರೆ" ಎಂದು ಬಿಡದೆ, ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ಮಿತಿ ಹಾಕಿಲ್ಲವಾದರೆ, ಸ್ವಲ್ಪಸ್ವಲ್ಪವಾಗಿ ನೀರನ್ನು ಕೈಗೆ ಕೊಡುತ್ತಲೇ ಇರಬೇಕು. ಹೆಸರು ನೆನಪಾಗಲು ತಡವಾಗುವುದು, ನಿದ್ರೆ ಹಗುರವಾಗುವುದು, ಓದಲು ಹೆಚ್ಚು ಬೆಳಕು ಬೇಕಾಗುವುದು, ಇವೆಲ್ಲ ವಯಸ್ಸಿನವೇ. ಹೊಸದಾಗಿ ಹಾಸಿಗೆ ಒದ್ದೆಯಾಗುವುದು, ತೂಕ ಇಳಿಯುವುದು, ಪದೇ ಪದೇ ಬೀಳುವುದು ವಯಸ್ಸಿನ ಲೆಕ್ಕಕ್ಕೆ ಸೇರುವುದಿಲ್ಲ.

ಅತ್ತೆಯವರನ್ನು ಹಲವು ವರ್ಷ ನೋಡಿಕೊಂಡ ಸೊಸೆ

ಸಿಸ್ಟರ್ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಬೆನ್ನಿನ ವಿಷಯವನ್ನು ಮಾತ್ರ ಬರೆಯುತ್ತೇನೆ.

ಹುಣ್ಣು ಆಗುವ ಜಾಗಗಳು ಗೊತ್ತಿರುವಂಥವೇ: ಬೆನ್ನಿನ ಬುಡ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ಕಾಲಿನ ಗಂಟು. ಮೈ ಒರೆಸುವಾಗ ಪ್ರತಿದಿನ ಈ ಜಾಗಗಳನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಕ್ಷಣಕಾಲ ತಿಳಿಯಾಗಿ ಮತ್ತೆ ತುಂಬಿಕೊಂಡರೆ ರಕ್ತ ಇನ್ನೂ ಹರಿಯುತ್ತಿದೆ ಎಂದರ್ಥ; ಒತ್ತಿದರೂ ಬಣ್ಣ ಕದಲದಿದ್ದರೆ, ಚರ್ಮ ಒಡೆಯದಿದ್ದರೂ ಅದು ಮೊದಲ ಹಂತದ ಹುಣ್ಣೇ. ನಮ್ಮ ಅತ್ತೆಯವರದು ಕಪ್ಪು ಮೈಬಣ್ಣವಾದ್ದರಿಂದ ಕೆಂಪು ಕಾಣುತ್ತಲೇ ಇರಲಿಲ್ಲ. ಮನೆಗೆ ಬರುತ್ತಿದ್ದ ನರ್ಸ್ ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದನ್ನು ಕಲಿಸಿಕೊಟ್ಟರು: ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿಯೋ ತಣ್ಣಗೋ, ಗಟ್ಟಿಯಾಗಿಯೋ ಮೆತ್ತಗೋ ಇದ್ದರೆ ಅಲ್ಲಿಗೆ ಭಾರ ಬೀಳದಂತೆ ಮಲಗಿಸಬೇಕು.

ಅಂಥ ಜಾಗವನ್ನು ತಿಕ್ಕಿ ಮಾಲೀಸು ಮಾಡಲು ಹಿರಿಯರು ಹೇಳುವುದುಂಟು. ಮಾಡಬಾರದು, ಒಳಗಿನ ಮಾಂಸ ಇನ್ನಷ್ಟು ಘಾಸಿಯಾಗುತ್ತದೆ. ನಡುವೆ ತೂತಿರುವ ಗಾಳಿ ದಿಂಬೂ ಬೇಡ, ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ. ಹಾಸಿಗೆಯಲ್ಲಿರುವಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ಆದರೆ ತಮ್ಮ ತಂದೆಯವರಿಗೆ ಸೊಂಟದ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಯಾವ ಮಗ್ಗುಲು ಸಲ್ಲದು, ಕಾಲು ಹೇಗಿರಬೇಕು ಎಂಬುದನ್ನು ಶಸ್ತ್ರಚಿಕಿತ್ಸಕರಿಂದಲೇ ಕೇಳಿಕೊಳ್ಳಿ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ನಿಲ್ಲುತ್ತದೆ.

ಜಾರಿ ಕೆಳಗೆ ಬಂದವರನ್ನು ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಹೆಗಲಿನಿಂದ ತೊಡೆಯವರೆಗೆ ಬರುವಂತೆ ಅಡ್ಡ ಹಾಸಿದ ಬಟ್ಟೆಯನ್ನು ಇಬ್ಬರೂ ಎರಡು ಬದಿಯಲ್ಲಿ ಮೈಗೆ ಹತ್ತಿರವಾಗಿ ಸುರುಳಿ ಸುತ್ತಿ ಹಿಡಿದು, ಒಟ್ಟಿಗೆ ಎತ್ತಿ ಮೇಲಕ್ಕೆ ಸರಿಸಬೇಕು. ವಯಸ್ಸಾದಂತೆ ಚರ್ಮದ ಮೇಲಿನ ಪದರ ಮತ್ತು ಒಳಪದರಗಳ ನಡುವಿನ ಹೆಣಿಗೆ ಸಡಿಲವಾಗುತ್ತದೆ, ಅಡಿಯ ಕೊಬ್ಬೂ ತೆಳುವಾಗುತ್ತದೆ; ಎಳೆದರೆ ಈರುಳ್ಳಿ ಸಿಪ್ಪೆಯಂತೆ ಕಿತ್ತುಬರುತ್ತದೆ. ಅಂಟುಪಟ್ಟಿ ಬಿಡಿಸುವಾಗಲೂ ಇದೇ ಎಚ್ಚರ ಬೇಕು.

ಫಿಸಿಯೋಥೆರಪಿಸ್ಟ್ ಒಬ್ಬರು

ಮಗ್ಗುಲು ಬದಲಿಸುವ ಶಿಸ್ತು ಸರಿಯೇ. ಆದರೆ ತಮ್ಮ ತಂದೆಯವರು ನಾಲ್ಕು ಹೆಜ್ಜೆ ಇಡಬಲ್ಲರು ಎಂದ ಮೇಲೆ ಅವರನ್ನು ಹಾಸಿಗೆಯಿಂದ ಹೊರಗೆ ತರುವುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಕೆಲಸ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರು 10 ದಿನ ಹಾಸಿಗೆಯಲ್ಲಿದ್ದುದಕ್ಕೆ ಕಾಲುಗಳಿಂದ ಸುಮಾರು 1 ಕಿಲೋ ಕೊಬ್ಬುರಹಿತ ತೂಕವನ್ನು ಕಳೆದುಕೊಂಡಿದ್ದರು. ಕಾಯಿಲೆಯಿಂದ ಎದ್ದವರ ಪಾಡು ಇದಕ್ಕಿಂತ ಕಷ್ಟದ್ದು.

ಮಲಗಿದ್ದವರನ್ನು ಒಮ್ಮೆಲೇ ನಿಲ್ಲಿಸಬಾರದು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಪಾದಗಳನ್ನು ಮೇಲೆ ಕೆಳಗೆ ಆಡಿಸಲು ಹೇಳಿ, ತಲೆಸುತ್ತು ಇಲ್ಲವೆಂದ ಮೇಲೆ ನಿಲ್ಲಿಸಿ. ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟಾಗಲಿ ಕೆಳಗಿನದು 10ರಷ್ಟಾಗಲಿ ಇಳಿದರೆ ವೈದ್ಯರಿಗೆ ಹೇಳಬೇಕು. ಮಾತ್ರೆಯ ಪ್ರಮಾಣವನ್ನು ಬದಲಿಸಬೇಕಾಗಬಹುದು.

ಊಟವನ್ನು ಕುರ್ಚಿಯಲ್ಲಿ ಕೂರಿಸಿಯೇ ಕೊಡಿ, ಮುಗಿದ ಮೇಲೂ ಅರ್ಧ ಗಂಟೆ ಕೂತಿರಲಿ. ನುಂಗುವಾಗ ಕೆಮ್ಮು ಬಂದರೆ ಅಥವಾ ದನಿ ಗೊರಗೊರ ಎಂದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ.

ಸಿಡ್ನಿ ಕಾಟ್ಜ್ ಎಂಬ ವೈದ್ಯರು 1963ರಲ್ಲಿ ರೂಪಿಸಿದ ಪಟ್ಟಿಯೊಂದನ್ನು ನಾವು ಇಂದಿಗೂ ಬಳಸುತ್ತೇವೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಉಣ್ಣುವುದು. ಶಕ್ತಿ ಕುಂದುವಾಗ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಸ್ನಾನ ಮೊದಲು, ಉಣ್ಣುವುದು ಕೊನೆಗೆ ಕೈಬಿಡುತ್ತವೆ. ಮರಳುವಾಗ ಉಣ್ಣುವುದು ಮೊದಲು ಮರಳುತ್ತದೆ. ಹಾಗಾಗಿ ತುತ್ತನ್ನು ಅವರ ಕೈಗೇ ಬಿಡಿ, ಎಷ್ಟೇ ಚೆಲ್ಲಿದರೂ, ಎಷ್ಟೇ ಹೊತ್ತಾದರೂ. ಗುಂಡಿ ಹಾಕಿಕೊಳ್ಳಬಲ್ಲವರಿಗೆ ನಾವು ಗುಂಡಿ ಹಾಕಿದರೆ ನಮ್ಮ ಸಮಯವಷ್ಟೇ ಉಳಿಯುತ್ತದೆ.

ತಾಯಿಯವರ ಆರೈಕೆಯಲ್ಲಿರುವ ಮಗ

ಕನ್ನಡಕ ಮತ್ತು ಶ್ರವಣಸಾಧನ ಎಲ್ಲಿವೆ ಎಂದು ಮೊದಲು ನೋಡಿ. ಆಸ್ಪತ್ರೆಯ ಚೀಲದಲ್ಲಿಯೇ ಉಳಿದಿರುತ್ತವೆ. ಕಿವಿ ಮಂದವಾದವರಿಗೆ ಮೊದಲು ಕೇಳಿಸದಾಗುವುದು ಹೆಚ್ಚು ಸ್ಥಾಯಿಯ ಸದ್ದುಗಳು, ಆದ್ದರಿಂದ ಕಿರುಚದೆ, ಎದುರಿಗೆ ಕುಳಿತು ತಗ್ಗಿದ ದನಿಯಲ್ಲಿ ನಿಧಾನವಾಗಿ ಮಾತನಾಡಿ. ಹಗಲು ಕಿಟಕಿ ತೆರೆದಿರಲಿ, ಗಡಿಯಾರ ಕಣ್ಣಿಗೆ ಬೀಳುವಂತಿರಲಿ, ಶೌಚಾಲಯದ ದಾರಿಯಲ್ಲಿ ರಾತ್ರಿ ದೀಪವಿರಲಿ. ಸುಲಭವೆಂದು ಡಯಾಪರ್ ಹಾಕಿಬಿಡಬೇಡಿ. ಹಾಸಿಗೆಯ ಪಕ್ಕದ ಕಮೋಡ್ ಕುರ್ಚಿ ಸಾಕಾಗಬಹುದು.

ಕೋರಿಕೆ ಇಟ್ಟವರು

ಎಲ್ಲರಿಗೂ ವಂದನೆಗಳು. ಸಂಜೆ ವೈದ್ಯರಲ್ಲಿಗೆ ಕರೆದೊಯ್ಯುತ್ತಿದ್ದೇವೆ. ಒಂದು ಸಂದೇಹ ಉಳಿದಿದೆ: ರಾತ್ರಿ ನಿದ್ರೆ ಬರಲೆಂದು ನೆಗಡಿಗೆ ಕೊಡುವ ಮಾತ್ರೆಯೊಂದನ್ನು ಸಂಬಂಧಿಕರೊಬ್ಬರು ಸೂಚಿಸಿದ್ದರು, ಎರಡು ಮೂರು ರಾತ್ರಿ ಕೊಟ್ಟಿದ್ದೇವೆ. ಮುಂದುವರಿಸಬಹುದೇ?

ನಿವೃತ್ತ ಶುಶ್ರೂಷಕಿ

ವೈದ್ಯರು ನೋಡುವವರೆಗೆ ಅದನ್ನು ಕೊಡಬೇಡಿ. ನಿದ್ರೆ ಬರಿಸುವ ಹಳೆಯ ನೆಗಡಿ ಮಾತ್ರೆಗಳು ಮೆದುಳನ್ನು ಮಂಕಾಗಿಸುವುದಲ್ಲದೆ ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ, ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಲ್ಲಿ ಮೂತ್ರವನ್ನೂ ಕಟ್ಟಿಸಬಹುದು. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ಮೊದಲು ಮಾಡಿದರು; ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತಿರುವ ಆ ಪಟ್ಟಿಯಲ್ಲಿ ಈ ಗುಂಪಿನ ಮಾತ್ರೆಗಳಿವೆ. ಆದರೆ ವೈದ್ಯರು ಬರೆದುಕೊಟ್ಟ ಬೇರೆ ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡ ನಿದ್ರೆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೂ ಗೊಂದಲವಾಗುತ್ತದೆ. ಸಂಜೆ ಹೋಗುವಾಗ ಮನೆಯಲ್ಲಿರುವ ಅವರ ಮಾತ್ರೆ, ಟಾನಿಕ್, ಕಣ್ಣಿನ ಹನಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಈ ನೆಗಡಿ ಮಾತ್ರೆಯ ಸ್ಟ್ರಿಪ್ ಅನ್ನೂ ಸೇರಿಸಿ, ಯಾವ ರಾತ್ರಿ ಎಷ್ಟು ಕೊಟ್ಟಿರೆಂಬುದನ್ನು ಬರೆದುಕೊಳ್ಳಿ.