ಜಿಮ್ಮಿ ಗ್ಲಾಸ್: ಬರೀ ಅದೃಷ್ಟವಂತನಾ?

ಕಾರ್ನರ್_ಕಟ್ಟೆ: ನಿನ್ನೆ ರಾತ್ರಿ ಆ ಹಳೇ ಕ್ಲಿಪ್ ಮತ್ತೆ ನೋಡಿದೆ. 1999ರ ಮೇ 8, ಕಾರ್ಲೈಲ್‌ನ ಬ್ರಂಟನ್ ಪಾರ್ಕ್ ಮೈದಾನ. ಇಂಗ್ಲೆಂಡಿನ ನಾಲ್ಕನೇ ದರ್ಜೆ ಫುಟ್‌ಬಾಲ್ ಲೀಗಿನ ಕೊನೆಯ ದಿನ. ಪ್ಲಿಮತ್ ಜೊತೆ 1-1. ಗೆಲ್ಲದಿದ್ದರೆ ಕಾರ್ಲೈಲ್ 71 ವರ್ಷ ಆಡಿದ ಲೀಗಿನಿಂದಲೇ ಹೊರಗೆ. ಇಂಜುರಿ ಟೈಮ್ ಮುಗಿಯುತ್ತಾ ಬಂದಾಗ ಕಾರ್ನರ್ ಸಿಕ್ಕಿತು. ಗೋಲ್‌ಕೀಪರ್ ಗ್ಲಾಸ್ ತನ್ನ ಗೋಲು ಬಿಟ್ಟು ಈ ತುದಿಗೆ ಓಡಿ ಬಂದ. ಸ್ಕಾಟ್ ಡೋಬಿಯ ಹೆಡರ್ ಅನ್ನು ಪ್ಲಿಮತ್ ಕೀಪರ್ ತಡೆದ. ಚೆಂಡು ಗ್ಲಾಸ್ ಕಾಲಿಗೇ ಬಂತು. ಒಂದೇ ಒದೆತ, ಗೋಲು. ಜನ ಮೈದಾನಕ್ಕೆ ನುಗ್ಗಿದರು. ನನಗೆ ಇದಕ್ಕಿಂತ ದೊಡ್ಡ ಗೋಲು ಇಲ್ಲ.

ಲೆಕ್ಕದ_ಮೇಷ್ಟ್ರು: ಕ್ಲಿಪ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆತ ಕಾರ್ಲೈಲ್‌ಗೆ ಆಡಿದ್ದು ಮೂರೇ ಪಂದ್ಯ, ಅದೂ ಸ್ವಿಂಡನ್ ಕ್ಲಬ್ಬಿನಿಂದ ಸಾಲಕ್ಕೆ, ಅಂದರೆ ಸ್ವಲ್ಪ ದಿನದ ಮಟ್ಟಿಗೆ, ಬಂದು. ಚೆಂಡು ಎರಡಡಿ ಆಚೆ ಬಿದ್ದಿದ್ದರೆ ಅವನ ಹೆಸರು ಯಾರಿಗೆ ಗೊತ್ತಿರುತ್ತಿತ್ತು? ಸುಮ್ನೆ ಹೀರೋ ಮಾಡಬೇಡಿ.

ಹಳೇ_ಗೋಲಿ: ಮೇಷ್ಟ್ರೇ, ಕಾಲೇಜಿನಲ್ಲಿ ನಾನೂ ಗೋಲಿಯಾಗಿದ್ದವನು. ಕೊನೇ ಕಾರ್ನರ್‌ಗೆ ಮೇಲೆ ಹೋಗೋದು ಅಂದರೇನು ಗೊತ್ತಾ? ಅರ್ಧ ದಾರಿಯಲ್ಲೇ ಕಾಲು ನಡುಗುತ್ತೆ. ಹಿಂದೆ ಗೋಲು ಖಾಲಿ, ಗ್ಲೌಸ್ ಹಾಕಿದ ಕೈ ಅಲ್ಲಿ ಕೆಲಸಕ್ಕೇ ಬರಲ್ಲ. ನಾನು ಒಮ್ಮೆ ಹೋಗಿದ್ದೆ, ಚೆಂಡು ನನ್ನ ಭುಜಕ್ಕೆ ಬಡಿದು ಹೊರಗೆ ಹೋಯಿತು. ಗ್ಲಾಸ್ ಚೆಂಡು ಸಿಕ್ಕ ತಕ್ಷಣ ಗಾಬರಿಯಾಗದೆ ಒದ್ದ. ಅದು ಅದೃಷ್ಟ ಅಲ್ಲ ಮಾರಾಯ್ರೇ.

ಇನ್ನೊಂದು. 1998ರಲ್ಲಿ ವೆಂಬ್ಲಿಯಲ್ಲಿ ಕೆಳ ದರ್ಜೆ ತಂಡಗಳ ಕಪ್ ಫೈನಲ್ ಇತ್ತು. ಬೋರ್ನ್‌ಮತ್ ಪರ ಆಡುತ್ತಿದ್ದ ಇದೇ ಗ್ಲಾಸ್ ತನ್ನ ಗೋಲಿಗೇ ಚೆಂಡು ಹಾಕಿಕೊಂಡ. ಗ್ರಿಮ್ಸ್‌ಬಿ ಹೆಚ್ಚುವರಿ ಸಮಯದಲ್ಲಿ ಗೆದ್ದಿತು. ಒಂದೇ ವರ್ಷದ ಹಿಂದೆ! ಅದೃಷ್ಟವೇ ಎಲ್ಲ ಅನ್ನುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಡಲತೀರ_87: ನೀವೆಲ್ಲ ಕಾರ್ಲೈಲ್ ಕಡೆಯಿಂದಲೇ ನೋಡುತ್ತಿದ್ದೀರಿ. ಆ ಗೋಲಿನಿಂದ ಕಾರ್ಲೈಲ್ ಬದಲು ಲೀಗಿನಿಂದ ಹೊರಬಿದ್ದ ಸ್ಕಾರ್ಬರೊ ಕಥೆ ಯಾರು ಹೇಳಬೇಕು? 1987ರಲ್ಲಿ ಕೆಳಗಿನ ಲೀಗ್ ಗೆದ್ದು, ಲೀಗಿನ ಕ್ಲಬ್‌ಗಳ ಓಟು ಬೇಡದೆ ನೇರವಾಗಿ ಮೇಲೆ ಬಂದ ಮೊದಲ ಕ್ಲಬ್ ಅದು. ಆ ದಿನ ಅವರ ಪಂದ್ಯ 1-1ಕ್ಕೆ ಮುಗಿದಿತ್ತು. ಉಳಿದುಕೊಂಡೆವು ಅಂತ ಜನ ಮೈದಾನದಲ್ಲೇ ಕುಣಿಯುತ್ತಿದ್ದರು, ಆಗ ಕಾರ್ಲೈಲ್ ಸುದ್ದಿ ಬಂತು. ಕೊನೆಗೆ ಕಾರ್ಲೈಲ್ 49 ಪಾಯಿಂಟ್, ಸ್ಕಾರ್ಬರೊ 48. 2007ರಲ್ಲಿ ಸಾಲದಲ್ಲಿ ಮುಳುಗಿ ಆ ಕ್ಲಬ್ಬೇ ಮುಚ್ಚಿತು.

ನನ್ನ ಸಿಟ್ಟು ಗ್ಲಾಸ್ ಮೇಲಲ್ಲ. ಕಾರ್ಲೈಲ್ ತನ್ನ ಕೀಪರ್ ಟೋನಿ ಕೇಗ್‌ನನ್ನು ಬ್ಲ್ಯಾಕ್‌ಪೂಲ್‌ಗೆ ಮಾರಿತ್ತು. ಡರ್ಬಿಯಿಂದ ಸಾಲ ತಂದ ಹುಡುಗನನ್ನು ಡರ್ಬಿ ವಾಪಸ್ ಕರೆಸಿಕೊಂಡಿತು. ಆಟಗಾರರನ್ನು ತರುವ ಗಡುವು ದಾಟಿದ ಮೇಲೆ ವಿಶೇಷ ಅನುಮತಿ ಪಡೆದು ಗ್ಲಾಸ್‌ನನ್ನು ತಂದರು. ತಾವೇ ಮಾಡಿಕೊಂಡ ತಪ್ಪಿಗೆ ವಿನಾಯಿತಿ ಯಾಕೆ?

ಕಾರ್ನರ್_ಕಟ್ಟೆ: ಕೀಪರೇ ಇಲ್ಲದೆ ಆಡಿ ಅನ್ನೋಕಾಗುತ್ತಾ? ಡಿಫೆಂಡರ್‌ಗೆ ಗ್ಲೌಸ್ ಹಾಕಿಸಿ ನಿಲ್ಲಿಸಿದ್ದರೆ ಎದುರಾದ ತಂಡಕ್ಕೆಲ್ಲ ಪುಕ್ಕಟೆ ಪಾಯಿಂಟ್. ಅದು ನ್ಯಾಯನಾ?

ಕಡಲತೀರ_87: ಅದೇನೋ ಸರಿ. ಆದರೂ ಮಾರುವ ಮುಂಚೆ ಯೋಚಿಸಬೇಕಿತ್ತು. ದೇವರು ಕೊಟ್ಟಿದ್ದನ್ನ ಆಫೀಸಿನವರು ಕೊಟ್ಟ ಹಾಗಾಯಿತು. ಅಂದಹಾಗೆ 2004ರಲ್ಲಿ ಕಾರ್ಲೈಲ್ ಕೆಳಗೆ ಬಿದ್ದೇ ಬಿತ್ತು, ಒಂದು ವರ್ಷದಲ್ಲಿ ವಾಪಸ್ ಬಂತು ಬಿಡಿ.

ಹಳೇ_ಗೋಲಿ: ಆಮೇಲೆ ಗ್ಲಾಸ್‌ಗೆ ಏನಾಯಿತು ಅಂತ ಯಾರೂ ಕೇಳಲೇ ಇಲ್ಲ. ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಶುರು, ಅಲ್ಲಿ ಮೊದಲ ತಂಡಕ್ಕೆ ಒಂದು ಲೀಗ್ ಪಂದ್ಯವೂ ಸಿಗಲಿಲ್ಲ. ಬೋರ್ನ್‌ಮತ್‌ನಲ್ಲಿ ಎರಡು ಸೀಸನ್ ನೆಟ್ಟಗೆ ಆಡಿದ. ಆ ಗೋಲು ಹೊಡೆದ ಮೇಲೂ ಕಾರ್ಲೈಲ್ ಅವನನ್ನು ಇಟ್ಟುಕೊಳ್ಳಲಿಲ್ಲ. ಅಲ್ಲಿ ಇಲ್ಲಿ ಸುತ್ತಿ, 27ಕ್ಕೇ ಬೂಟು ಕಳಚಿದ. ಟ್ಯಾಕ್ಸಿ ಓಡಿಸಿದ. ಆಮೇಲೆ ಬೋರ್ನ್‌ಮತ್‌ನಲ್ಲೇ ಆಟಗಾರರ ಬೇಕುಬೇಡ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕೆಳ ಲೀಗಿನ ಬದುಕು ಅಂದರೆ ಹೀಗೇ. ಇವತ್ತು ಹೆಗಲ ಮೇಲೆ ಹೊರುತ್ತಾರೆ, ಜೂನ್‌ನಲ್ಲಿ ಕಾಂಟ್ರಾಕ್ಟ್ ಇರಲ್ಲ.

ಲೆಕ್ಕದ_ಮೇಷ್ಟ್ರು: ಟ್ಯಾಕ್ಸಿ ವಿಷಯ ಗೊತ್ತಿರಲಿಲ್ಲ. ಮನುಷ್ಯನ ಬಗ್ಗೆ ನನ್ನ ಮಾತು ವಾಪಸ್. ಆದರೆ ಮೂರು ಪಂದ್ಯ ಅಂದರೆ ಮೂರೇ, ಅದನ್ನ ನಾಲ್ಕು ಮಾಡೋಕಾಗಲ್ಲ.

ಕಾರ್ನರ್_ಕಟ್ಟೆ: ಮೂರರಲ್ಲಿ ಒಂದು ಗೋಲು ಸಾರ್. ಕೀಪರ್‌ಗೆ ಕೆಟ್ಟ ಸರಾಸರಿನಾ ಅದು?